ತವರೂರು, ಕೊಟ್ಟ ಊರು

ದ್ರಾಕ್ಷಾಯಿಣಿಯ ಬಗ್ಗೆ ಬರೆಯುವವರೆಲ್ಲ ಆಕೆಯ ಅಪ್ಪನ ಟವೆಲ್ಲಿನಿಂದ ಶುರು ಮಾಡುತ್ತಾರೆ. ಅಪ್ಪ ಗುರುಶಿದ್ದಪ್ಪ ಅಮರಗೋಳದ ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದರು. ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಹೇಳುತ್ತಿದ್ದರು, ಪಕ್ಕದಲ್ಲಿ ನಿಂತವನಿಗೂ ಅದು ತಿಳಿಯುತ್ತಿರಲಿಲ್ಲ. ಅದನ್ನು ನೋಡುತ್ತಾ ಬೆಳೆದ ಮಗಳು ಮಂದಿಯ ಗುಟ್ಟು ಕಾಯುವ ಎಂಜಿನಿಯರ್ ಆದಳು ಅಂತ. ಪತ್ರಿಕೆಯವನೊಬ್ಬ ಹೀಗೆ ಬರೆದ, ಆಮೇಲೆ ಬಂದವರೆಲ್ಲ ಅದನ್ನೇ ನಕಲು ಮಾಡಿದರು. ಶುದ್ಧ ಸುಳ್ಳು. ಆಕೆ ಸಂತೆಗೆ ಹೋದದ್ದೇ ಎರಡು ಸಲ, ಅದೂ ಅಪ್ಪನಿಗೆ ಬುತ್ತಿ ಕೊಡಲು. ಕೇಳಿದರೆ, "ಸೆಗಣಿ ವಾಸನಿ ನೆನಪೈತ್ರಿ, ಬ್ಯಾರೆ ಏನೂ ನೆನಪಿಲ್ಲ" ಅನ್ನುತ್ತಾಳೆ.

ಆಕೆ ಓದಿದ ಹುಬ್ಬಳ್ಳಿಯ ಕಾಲೇಜಿನವರು ಹಳೆಯ ವಿದ್ಯಾರ್ಥಿಗಳ ಬಗ್ಗೆ ಪುಸ್ತಕ ತರುತ್ತಿದ್ದಾರೆ. ಆಕೆಯ ಬಗ್ಗೆ ಬರೆದುಕೊಡಿ ಎಂದು ನನ್ನ ಬೆನ್ನು ಹತ್ತಿದ್ದಾರೆ. ನಾನು ಎಂಜಿನಿಯರೂ ಅಲ್ಲ, ಲೇಖಕಿಯೂ ಅಲ್ಲ. ನನ್ನ ಹೆಸರು ರಾಜೇಶ್ವರಿ, ಮನೆ ಮಾಳಮಡ್ಡಿಯಲ್ಲಿ. ಧಾರವಾಡದ ಒಂದು ಧರ್ಮಾರ್ಥ ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ದಾಖಲೆ ಕೋಣೆ ನೋಡಿಕೊಂಡು ನಿವೃತ್ತಳಾದವಳು. ಕಾಲೇಜಿನವರು ಒಂದು ನಮೂನೆ ಕಳಿಸಿದ್ದಾರೆ: ಜನ್ಮದಿನಾಂಕ, ಪದವಿ, ಪ್ರಶಸ್ತಿ, ಯುವಕರಿಗೆ ಸಂದೇಶ. ಅದನ್ನು ಮಡಚಿ ಅಲ್ಲಾಡುವ ಮೇಜಿನ ಕಾಲಿನ ಕೆಳಗೆ ಇಟ್ಟಿದ್ದೇನೆ. ಆಕೆಯ ಬದುಕನ್ನು ನನಗೆ ಗೊತ್ತಿರುವಂತೆ ಬರೆಯುತ್ತೇನೆ.

ಕಾಲೇಜು ಮುಗಿಸಿದ ಮೇಲೆ ಆಕೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಒಂದು ಸಣ್ಣ ಕಂಪನಿ ಸೇರಿದಳು. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸ. ಅದೇ ವರ್ಷ ಆಕೆಯ ಅವ್ವ ಈರವ್ವನಿಗೆ ಸಕ್ಕರೆ ಕಾಯಿಲೆ ಬಂತು. ದುರ್ಗದಬೈಲಿನ ಹತ್ತಿರದ ಒಂದು ಲ್ಯಾಬಿನಲ್ಲಿ ರಕ್ತ ಕೊಟ್ಟರು, ರಿಪೋರ್ಟು ಫೋನಿಗೆ ಬಂತು. ಬಂದ ಲಿಂಕಿನ ಕೊನೆಯ ಅಂಕಿಯೊಂದನ್ನು ಬದಲಿಸಿದರೆ ಇನ್ಯಾರದೋ ರಿಪೋರ್ಟು ತೆರೆಯುತ್ತದೆ ಎಂದು ಈಕೆ ಕಂಡುಹಿಡಿದಳು. ಮರುದಿನವೇ ಲ್ಯಾಬಿಗೆ ಹೋಗಿ ಹೇಳಿದಳು. ಮಾಲೀಕ, "ಮಂದಿ ರಿಪೋರ್ಟ್ ನೋಡಾಕ ನಿಮಗ ಯಾರು ಹೇಳಿದ್ರು?" ಎಂದು ಜೋರು ಮಾಡಿದ. ನಾನಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದೆ. ಈಕೆ ನಾಲ್ಕು ಸಲ ಹೋದಳು. ನಾಲ್ಕನೆಯ ಸಲ ಒಂದು ಬಿಳಿ ಹಾಳೆಯಲ್ಲಿ ಹೇಗೆ ಸರಿಮಾಡಬೇಕು ಎಂದು ಬರೆದುಕೊಂಡು ಹೋಗಿ, ಅವನ ಕಂಪ್ಯೂಟರಿನವನು ಬರುವತನಕ ಬೆಂಚಿನ ಮೇಲೆ ಕುಳಿತಿದ್ದಳು. ಅಷ್ಟು ಮೊಂಡಿ.

ಅಲ್ಲಿಂದ ಆಕೆಗೆ ಇದೇ ಹುಚ್ಚು ಹಿಡಿಯಿತು. ಹೆಸರು, ಫೋನ್ ನಂಬರು ಅಳಿಸಿದ ಮೇಲೂ ಉಳಿದ ವಿವರಗಳಿಂದ ಒಬ್ಬ ಮನುಷ್ಯನನ್ನು ಹೇಗೆ ಗುರುತು ಹಿಡಿಯಬಹುದು, ಹಾಗೆ ಹಿಡಿಯಲು ಬಾರದಂತೆ ಏನು ಮಾಡಬೇಕು ಎಂಬುದು ಆಕೆಯ ಸಂಶೋಧನೆ. ಹಗಲು ಕಂಪನಿ ಕೆಲಸ, ಶನಿವಾರ ಭಾನುವಾರ ಓದು. ಹತ್ತು ವರ್ಷ ಹೀಗೆ ದುಡಿದಳು. ದೂರದ ಊರುಗಳಲ್ಲಿ ನಡೆದ ಸಮ್ಮೇಳನಗಳಲ್ಲಿ ಪ್ರಬಂಧ ಓದಿದಳು. ಮದುವೆ ಮಾತು ಬಂದಾಗಲೆಲ್ಲ ಮುಂದಿನ ವರ್ಷ ಅನ್ನುತ್ತಿದ್ದಳು, ಈರವ್ವ ಕೇಳಿ ಕೇಳಿ ಸುಮ್ಮನಾದರು.

ನನಗೆ ಆಕೆ ಪರಿಚಯವಾದದ್ದು ನನ್ನ ನೌಕರಿಯ ಕೊನೆಯ ವರ್ಷ. ನಮ್ಮ ಆಸ್ಪತ್ರೆಯ ಡಾಕ್ಟರುಗಳಿಗೆ ಹತ್ತು ವರ್ಷದ ಹೆರಿಗೆ ದಾಖಲೆಗಳನ್ನು ರಾಜ್ಯದ ಎಲ್ಲ ಸಂಶೋಧಕರಿಗೂ ತೆರೆದಿಡಬೇಕು ಅನ್ನಿಸಿತು. ಬಸುರಿಯರಿಗೆ ರಕ್ತಹೀನತೆ ಎಲ್ಲಿ ಹೆಚ್ಚು, ಏಕೆ ಹೆಚ್ಚು ಎಂದು ತಿಳಿಯಲು. ಗುರುತು ಅಳಿಸಿಕೊಡುವ ಕೆಲಸ ದ್ರಾಕ್ಷಾಯಿಣಿಯ ಕಂಪನಿಗೆ ಬಂತು. ಹುಬ್ಬಳ್ಳಿ ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ದಿನಾ ಬಂದು ನನ್ನ ಕೋಣೆಯಲ್ಲಿ ಕೂರುತ್ತಿದ್ದಳು. ಮಧ್ಯಾಹ್ನ ಇಬ್ಬರೂ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದೆವು. "ಅಕ್ಕಾರ, ನಿಮ್ಮ ಅಕ್ಷರ ಎಷ್ಟು ಛಂದ ಅದಾವ್ರಿ" ಅಂದಿದ್ದಳು. ಆ ಮಾತಿಗೆ ನಾನು ಕರಗಿಹೋದೆ.

ಇಲ್ಲಿ ನನ್ನ ಕೆಲಸದ ರೀತಿ ಹೇಳಬೇಕು. ಹೆರಿಗೆಗೆ ಬಂದವಳಿಗೆ ನಾನು ಮೊದಲು ಹೆಸರು ಕೇಳುತ್ತಿರಲಿಲ್ಲ. "ತವರು ಯಾವೂರವಾ? ಕೊಟ್ಟದ್ದು ಎಲ್ಲಿ?" ಎಂದು ಕೇಳುತ್ತಿದ್ದೆ. ನಮ್ಮ ಕಡೆ ಹೆಣ್ಣುಮಕ್ಕಳನ್ನು ಎಲ್ಲರೂ ಕೇಳುವುದೇ ಹೀಗೆ. ಬಾಣಂತನಕ್ಕೆ ತವರಿಗೆ ಹೋಗುತ್ತಾರಲ್ಲ, ಕೂಸಿನ ತೂಕ ನೋಡಲು ನರ್ಸಮ್ಮ ಅಲ್ಲಿಗೇ ಹೋಗಬೇಕು, ಅದಕ್ಕೆ ಎರಡೂ ಊರು ಬೇಕಿತ್ತು. ಕಂಪ್ಯೂಟರ್ ಬಂದಾಗ ಅದರಲ್ಲಿ ತವರೂರಿಗೆ ಜಾಗವೇ ಇರಲಿಲ್ಲ, ಶಾಶ್ವತ ವಿಳಾಸ, ಸದ್ಯದ ವಿಳಾಸ ಎಂದು ಎರಡು ಕಾಲಂ ಇದ್ದವು. ಶಾಶ್ವತದಲ್ಲಿ ತವರೂರು, ಸದ್ಯದಲ್ಲಿ ಗಂಡನ ಊರು ಹಾಕಿ ಅಂತ ಟೈಪ್ ಮಾಡುವವರಿಗೆ ನಾನೇ ಹೇಳಿದ್ದೆ. ಅದು ನನಗೆ ಹೆಮ್ಮೆಯ ವಿಷಯವಾಗಿತ್ತು.

ದ್ರಾಕ್ಷಾಯಿಣಿ ಹೆಸರು ತೆಗೆದಳು, ಫೋನ್ ತೆಗೆದಳು, ತಾರೀಖು ತೆಗೆದು ತಿಂಗಳಷ್ಟೇ ಉಳಿಸಿದಳು. ವಿಳಾಸಗಳಲ್ಲಿ ಊರಿನ ಹೆಸರು ಮಾತ್ರ ಬಿಟ್ಟಳು, ಊರಿಲ್ಲದಿದ್ದರೆ ಡಾಕ್ಟರುಗಳ ಅಧ್ಯಯನ ನಡೆಯುವುದಿಲ್ಲ. ಒಂದು ಊರಿನಿಂದ ಇಪ್ಪತ್ತಕ್ಕಿಂತ ಕಡಿಮೆ ಹೆಂಗಸರು ಬಂದಿದ್ದರೆ ಆ ಊರಿನ ಹೆಸರನ್ನೂ ತೆಗೆದು ತಾಲೂಕಿನ ಹೆಸರು ಹಾಕಿದಳು. ಶಾಶ್ವತ ವಿಳಾಸದ ಕಾಲಮ್ಮನ್ನು ಹೀಗೆ ಪರೀಕ್ಷಿಸಿದಳು. ಸದ್ಯದ ವಿಳಾಸದ ಕಾಲಮ್ಮನ್ನೂ ಪರೀಕ್ಷಿಸಿದಳು. ಎರಡನ್ನೂ ಸೇರಿಸಿ ನೋಡಲಿಲ್ಲ. ಈ ಊರಿನಿಂದ ಆ ಊರಿಗೆ ಕೊಟ್ಟವಳು ಅಂದರೆ ಸುತ್ತಿನ ಮಂದಿಗೆ ಒಬ್ಬಳೇ ಕಣ್ಣಮುಂದೆ ಬರುತ್ತಾಳೆ. ಅಮರಗೋಳದಲ್ಲಿ ಹುಟ್ಟಿ ಬೆಳೆದ ಹೆಣ್ಣುಮಗಳಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಕಂಪ್ಯೂಟರಿನ ಮುಂದೆ ಕುಳಿತಾಗ ನೆನಪಾಗಲಿಲ್ಲ. ಶಾಶ್ವತ ವಿಳಾಸ ಎಂದು ಬರೆದದ್ದನ್ನು ಆಕೆ ಶಾಶ್ವತ ವಿಳಾಸ ಎಂದೇ ಓದಿದಳು. ನಾನೂ ಬಾಯಿಬಿಟ್ಟು ಹೇಳಲಿಲ್ಲ, ಆಕೆಯೂ ಕೇಳಲಿಲ್ಲ. ಜನವರಿಯಲ್ಲಿ ಆ ದಾಖಲೆಗಳು ಎಲ್ಲರಿಗೂ ಸಿಗುವಂತೆ ಅಂತರ್ಜಾಲಕ್ಕೆ ಏರಿದವು.

ಜೂನ್ ತಿಂಗಳಲ್ಲಿ ಆ ಕೆಲಸವನ್ನು ತೋರಿಸಲು ಕಂಪನಿಯವರು ಹುಬ್ಬಳ್ಳಿಯಲ್ಲಿ ಸಣ್ಣ ಕಾರ್ಯಕ್ರಮ ಇಟ್ಟರು. ಆ ಹೊತ್ತಿಗೆ ನಾನು ನಿವೃತ್ತಳಾಗಿದ್ದೆ. ದ್ರಾಕ್ಷಾಯಿಣಿ ಮನೆತನಕ ಬಂದು ಕರೆದಿದ್ದಕ್ಕೆ ಹೋದೆ. ಇಪ್ಪತ್ತು ಮಂದಿ ಇದ್ದರು: ಡಾಕ್ಟರುಗಳು, ಕಾಲೇಜಿನ ಹುಡುಗರು, ಕಂಪನಿಯ ಮುಖ್ಯಸ್ಥ ಗುರುಬಸವ. ನನ್ನನ್ನು ಮೂರನೆಯ ಸಾಲಿನಲ್ಲಿ ಕೂರಿಸಿದರು. ಭಾಷಣ ಮಾಡಿದವರೆಲ್ಲ ದಾಖಲೆ ಎಷ್ಟು ಅಚ್ಚುಕಟ್ಟು ಎಂದು ಹೊಗಳಿದರು, ಬರೆದವಳ ಹೆಸರು ಒಬ್ಬರ ಬಾಯಲ್ಲೂ ಬರಲಿಲ್ಲ. ನನಗೆ ಒಳಗೊಳಗೇ ಕುದಿಯುತ್ತಿತ್ತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಆಗ ಪರದೆಯ ಮೇಲೆ ಐದಾರು ಸಾಲು ತೋರಿಸಿದರು. ಇವು ಯಾರವು ಎಂದು ಯಾರೂ ಹೇಳಲು ಸಾಧ್ಯವಿಲ್ಲ ಎಂದ ಗುರುಬಸವ. ಮೊದಲನೆಯ ಸಾಲಿನಲ್ಲಿ ಎರಡು ಊರು ಕಂಡವು, ತಿಂಗಳು ಕಂಡಿತು, ಹೆಣ್ಣು ಕೂಸು ಎಂದು ಕಂಡಿತು. ನಾನು ಕುಳಿತಲ್ಲಿಂದಲೇ ಜೋರಾಗಿ, "ಯಾಕ ಬರೂದಿಲ್ಲ? ಅಕಿ ನಮ್ಮ ನೀಲಾ ಅಲ್ಲೇನು?" ಎಂದೆ. ಯಾರ ಮಗಳು, ಯಾರ ಮನೆಯ ಸೊಸೆ ಎಂಬುದನ್ನೂ ಹೇಳಿದೆ. ಎಲ್ಲರೂ ಹೊರಳಿ ನನ್ನತ್ತ ನೋಡಿದರು. ಖುಷಿಯಾಯಿತು. ಎರಡನೆಯ ಸಾಲಿನವಳ ಹೆಸರನ್ನೂ ಹೇಳಿದೆ.

ದ್ರಾಕ್ಷಾಯಿಣಿ ಓಡಿಹೋಗಿ ಪರದೆ ಆರಿಸಿದಳು. ಆರಿಸುವ ಮೊದಲು ನಾನು ಆ ಮೊದಲ ಸಾಲನ್ನು ಪೂರ್ತಿ ಓದಿದ್ದೆ. ಎಷ್ಟನೆಯ ಹೆರಿಗೆ ಎಂಬ ಕಾಲಂ ಅಲ್ಲಿತ್ತು. ನೀಲಾಳ ಮುಂದೆ "ಎರಡು" ಎಂದಿತ್ತು.

ನೀಲಾ ಆಕೆಯ ನಿಜವಾದ ಹೆಸರಲ್ಲ, ಇಲ್ಲಿ ಆಕೆಯ ಎರಡೂ ಊರುಗಳನ್ನು ಬರೆಯುವುದಿಲ್ಲ. ಎಂಟು ವರ್ಷದ ಹಿಂದೆ ಚೊಚ್ಚಲ ಹೆರಿಗೆ ಎಂದು ಬಂದಿದ್ದಳು, ಜೊತೆಗೆ ಅವ್ವ ಬೀರವ್ವ, ಅತ್ತೆ ಇಬ್ಬರೂ ಇದ್ದರು. ಒಳಗೆ ಡಾಕ್ಟರ ಮುಂದೆ ಆಕೆ ನಿಜ ಹೇಳಬೇಕಾಯಿತು. ಮದುವೆಗೆ ಮೊದಲು ಒಂದು ಕೂಸು ಹುಟ್ಟಿ ಹನ್ನೊಂದು ದಿನಕ್ಕೆ ಹೋಗಿತ್ತು. ಗಂಡನ ಮನೆಯವರಿಗೆ ಗೊತ್ತಿರಲಿಲ್ಲ. ನಾನು ರಿಜಿಸ್ಟರಿನಲ್ಲಿ ಬರೆಯುವಾಗ ನೋವು ತಿನ್ನುತ್ತಲೇ ನನ್ನ ಕೈ ಹಿಡಿದು, "ಅಕ್ಕಾರ, ಹೊರಗ ಅತ್ತಿಯಾರು ಕುಂತಾರ. ಹೇಳಬ್ಯಾಡ್ರಿ" ಅಂದಿದ್ದಳು. "ನನ್ನ ಹೊಟ್ಟ್ಯಾಗ ಇರತೈತಿ, ನೀ ಹೆದರಬ್ಯಾಡ" ಅಂದಿದ್ದೆ. ಎಂಟು ವರ್ಷ ಇಟ್ಟುಕೊಂಡಿದ್ದೆ ಕೂಡ. ಆಕೆಯ ಸಂಸಾರವೆಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು, ನಾನು ಇಪ್ಪತ್ತು ಮಂದಿಯ ಮುಂದೆ ಶಾಣ್ಯಾತನ ತೋರಿಸಲು ಹೋಗಿ ಅದನ್ನು ಹೊರಗೆ ಹಾಕಿದೆ.

ದ್ರಾಕ್ಷಾಯಿಣಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಆ ದಿನವೇ ದಾಖಲೆಗಳನ್ನು ತೆಗೆಸಿದಳು, ಆದರೆ ಅಷ್ಟರಲ್ಲಿ ಇನ್ನೂರ ಹನ್ನೆರಡು ಸಲ ಯಾರ್ಯಾರೋ ಇಳಿಸಿಕೊಂಡಿದ್ದರು. ಕಂಪನಿಗೆ ವರದಿ ಬರೆಯಬೇಕಿತ್ತು. ತಾಂತ್ರಿಕ ದೋಷ ಎಂದು ಬರೆದರೆ ಸಾಕು ಎಂದ ಗುರುಬಸವ. ಈಕೆ ತನ್ನ ಹೆಸರು ಹಾಕಿ, "ಎರಡು ಕಾಲಂಗಳನ್ನು ಸೇರಿಸಿ ಪರೀಕ್ಷಿಸದೆ ಇದ್ದದ್ದು ನನ್ನ ತಪ್ಪು" ಎಂದು ಬರೆದಳು. ಅದೇ ವಿಧಾನವನ್ನು ಹೊಗಳಿಕೊಂಡು ಬರೆದಿದ್ದ ಪ್ರಬಂಧವೊಂದು ದೊಡ್ಡ ಸಮ್ಮೇಳನಕ್ಕೆ ಆಯ್ಕೆಯಾಗಿತ್ತು, ಅದನ್ನೂ ವಾಪಸ್ ತೆಗೆದುಕೊಂಡಳು. ವರದಿಯಲ್ಲಿ ನನ್ನ ಬಗ್ಗೆ "ಸಭೆಯಲ್ಲಿದ್ದ ಒಬ್ಬರು ಗುರುತಿಸಿದರು" ಎಂದಷ್ಟೇ ಇತ್ತು.

ಇನ್ನು ಹೆಂಗಸರಿಗೆ ತಿಳಿಸುವುದು ಉಳಿಯಿತು. ನಿಯಮದ ಪ್ರಕಾರ ಎಲ್ಲರಿಗೂ ತಿಳಿಸಬೇಕು, ನೋಂದಾಯಿಸಿದ ಫೋನ್ ನಂಬರಿಗೆ ಮೆಸೇಜ್ ಕಳಿಸಿ ಮುಗಿಸೋಣ ಎಂದು ಗುರುಬಸವ ಹೇಳಿದ. ದ್ರಾಕ್ಷಾಯಿಣಿ ಮಾಳಮಡ್ಡಿಗೆ ಬಂದಳು.

"ಅಕ್ಕಾರ, ರಿಜಿಸ್ಟರ್‌ನ್ಯಾಗಿನ ಫೋನ್ ನಂಬರ್ ಯಾರವು?"

"ಗಂಡಂದು, ಇಲ್ಲಾ ಮಾವಂದು," ಎಂದೆ. "ಬಸುರಿ ಹೆಂಗಸಿನ ಕೈಯಾಗ ಫೋನ್ ಎಲ್ಲಿತ್ತವಾ? ಇದ್ರೂ ನಂಬರ್ ಕೊಡಾವ್ರು ಗಂಡಸರ."

"ಅಂದ್ರ ನಾವು ತಿಳಿಸಿದ್ರ ತಿಳಿಯೂದು ಅವರಿಗೆ," ಎಂದಳು. "ನಿಮ್ಮ ಹೆಂಡತಿ ಗುಟ್ಟು ಹೊರಗ ಬಂದೈತಿ ಅಂತ ಗಂಡಗ ಪತ್ರ ಬರದಂಗ ಆತು. ಏನೂ ಇಲ್ಲದಾಕಿನೂ ಮನ್ಯಾಗ ನಿಲ್ಲಿಸಿ ಕೇಳ್ತಾರ, ಏನೈತಿ ಹೇಳು ಅಂತ."

ಮರುದಿನ ಕಂಪನಿಯಲ್ಲಿ ಆ ಮೆಸೇಜ್ ನಾನು ಕಳಿಸುವುದಿಲ್ಲ ಎಂದು ಹೇಳಿಬಿಟ್ಟಳು. ವಕೀಲರು ಹೆದರಿಸಿದರು, ಗುರುಬಸವ ಕೂಗಾಡಿದ. ಪಂಚಮಿಯ ತನಕ ತಡೆಯಿರಿ ಎಂದಳು. ನಾಗರ ಪಂಚಮಿಗೆ ಅಣ್ಣತಮ್ಮಂದಿರು ಹೋಗಿ ಅಕ್ಕತಂಗಿಯರನ್ನು ತವರಿಗೆ ಕರೆತರುತ್ತಾರೆ. ಗಂಡನ ಮನೆಯ ಕಿವಿ ಇಲ್ಲದ ಜಾಗದಲ್ಲಿ ನಮ್ಮ ಹೆಣ್ಣುಮಕ್ಕಳು ಸಿಗುವುದು ಆಗ ಮಾತ್ರ. ಮೊದಲು ಯಾರಿಗೆ ಅಪಾಯವಿದೆಯೋ ಅವರಿಗೆ ಎದುರು ಕುಳಿತು ಹೇಳುತ್ತೇನೆ, ಉಳಿದವರಿಗೆ ಹೇಗೆ ತಿಳಿಸಬೇಕೆಂದು ಆಮೇಲೆ ಆಸ್ಪತ್ರೆಯ ನರ್ಸುಗಳ ಜೊತೆ ಕೂತು ನೋಡೋಣ ಎಂದು ಪಟ್ಟು ಹಿಡಿದಳು. ಆಸ್ಪತ್ರೆಯ ಡಾಕ್ಟರು ಆಕೆಯ ಪರ ನಿಂತದ್ದರಿಂದ ಕಂಪನಿಯವರು ಒಪ್ಪಿದರು, ಆದರೆ ಆ ಕೆಲಸ ಮುಗಿದ ದಿನ ಆಕೆ ರಾಜೀನಾಮೆ ಕೊಡಬೇಕು ಎಂದಾಯಿತು.

ಎರಡು ಊರಿನಿಂದ ಒಬ್ಬಳೇ ಎಂದು ಗುರುತಾಗುವ, ಮನೆಯವರಿಗೆ ತಿಳಿಯದ ಸಂಗತಿ ದಾಖಲೆಯಲ್ಲಿರಬಹುದಾದ ಹೆಂಗಸರು ಮೂವತ್ತೇಳು ಮಂದಿ. ಆ ಪಟ್ಟಿಯನ್ನು ನನಗೆ ತೋರಿಸಲಿಲ್ಲ. ನಾನು ಕೇಳಿದಾಗ, "ಬ್ಯಾಡ್ರಿ ಅಕ್ಕಾರ" ಎಂದು ಮೆಲ್ಲಗೆ ಹೇಳಿದಳು. ಮುಖಕ್ಕೆ ಹೊಡೆದಂತಾಯಿತು, ಆದರೆ ಅದು ಸರಿಯಾಗಿಯೇ ಇತ್ತು. ಹಬ್ಬದ ಹಿಂದೆಮುಂದೆ ಹನ್ನೆರಡು ದಿನ ಆಕೆ ಒಬ್ಬಳೇ ಬಸ್ಸು, ಟಂಟಂ ರಿಕ್ಷಾ ಹತ್ತಿ ಊರೂರು ತಿರುಗಿದಳು. ಆಸ್ಪತ್ರೆಯಿಂದ ಬಂದಿದ್ದೇನೆ ಎಂದರೆ ಯಾರೂ ಬಾಗಿಲು ಹಾಕಲಿಲ್ಲ. ನೀಲಾಳ ಊರಿಗೆ ಮಾತ್ರ ನಾನೂ ಬರುತ್ತೇನೆ ಎಂದು ಹಟ ಮಾಡಿದೆ.

ನಾವು ಹೋದಾಗ ನೀಲಾ ಅಂಗಳದ ಬೇವಿನ ಮರದ ಜೋಕಾಲಿಯಲ್ಲಿ ಮಗಳನ್ನು ತೂಗುತ್ತಿದ್ದಳು. ನನ್ನನ್ನು ನೋಡಿ ಓಡಿಬಂದಳು. "ಅಕ್ಕಾರ, ನೀವು ನಮ್ಮ ಮನಿಗೆ ಬಂದ್ರಿ" ಎಂದು ಕೈ ಹಿಡಿದು ಒಳಗೆ ಕರೆದೊಯ್ದಳು. ಬೀರವ್ವ ತಟ್ಟೆಯಲ್ಲಿ ಹಬ್ಬದ ಜೋಳದ ಅಳ್ಳು, ಎಳ್ಳುಂಡಿ ತಂದಿಟ್ಟರು. ನಾನು ತಟ್ಟೆ ಮುಟ್ಟಲಿಲ್ಲ.

ದ್ರಾಕ್ಷಾಯಿಣಿ ಬಾಗಿಲನ್ನು ಮುಂದಕ್ಕೆ ಎಳೆದುಕೊಂಡು, ಅವ್ವ ಮಗಳು ಇಬ್ಬರ ಮುಂದೆ ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದಳು. ಏನು ಹೊರಗೆ ಬಂತು, ಎಷ್ಟು ದಿನ ಇತ್ತು, ಎಲ್ಲಿ ತಪ್ಪಾಯಿತು ಎಂದು ಒಂದೊಂದೇ. ಇಂಗ್ಲಿಷ್ ಮಾತು ಒಂದೂ ಬಳಸಲಿಲ್ಲ. ಕೊನೆಗೆ, "ಇದು ನನ್ನ ತಪ್ಪು ನೀಲಾ. ನಾ ನೋಡಬೇಕಿತ್ತು, ನೋಡಲಿಲ್ಲ" ಎಂದಳು. ಬೀರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ನೀಲಾ ಕೇಳಿದಳು: "ಬರೇ ಊರ ಹೆಸರು ಇತ್ತು ಅಂತೀರಿ. ನನ್ನ ಹೆಸರು ಯಾರು ಹೇಳಿದ್ರು?"

"ಸಭಾದಾಗ ಇದ್ದ ಒಬ್ಬರು," ಎಂದಳು ದ್ರಾಕ್ಷಾಯಿಣಿ. "ಅವರು ಹೇಳದಿದ್ರ ಬ್ಯಾರೆ ಯಾರರ ಹೇಳ್ತಿದ್ರು. ಹೇಳುವಂಗ ಮಾಡಿದಾಕಿ ನಾನು."

ನಾನು ಸುಮ್ಮನೆ ಇರಬಹುದಿತ್ತು. ದ್ರಾಕ್ಷಾಯಿಣಿ ನನಗೆ ತಪ್ಪಿಸಿಕೊಳ್ಳಲು ದಾರಿ ಮಾಡಿಕೊಟ್ಟಿದ್ದಳು. ಒಂದು ಗಳಿಗೆ ಸುಮ್ಮನೇ ಇದ್ದೆ, ಅದನ್ನೂ ಬರೆಯಬೇಕು. ಆಮೇಲೆ, "ನಾನ ಹೇಳಿದೆನವಾ" ಎಂದೆ.

ನೀಲಾ ನನ್ನ ಕೈಯಿಂದ ತನ್ನ ಕೈ ತೆಗೆದಳು. ಅಳಲಿಲ್ಲ, ದನಿ ಏರಿಸಲಿಲ್ಲ. "ಎಷ್ಟು ಮಂದಿ ಕೇಳಿದ್ರು?" ಎಂದಳು. ಇಪ್ಪತ್ತು ಎಂದೆ.

"ಅವ್ವ, ಡಾಕ್ಟರು, ನೀವು. ಮೂರ ಮಂದಿಗೆ ಗೊತ್ತಿತ್ತು. ಎಂಟು ವರ್ಷ ದಿನಾ ಮಲಗೂ ಮುಂದ ಮೂರೂ ಮಂದೀನ ನೆನಸ್ತಿದ್ದೆ. ಯಾರೂ ಹೇಳಂಗಿಲ್ಲ ಅಂತ ಧೈರ್ಯ ಮಾಡಿ ನಿದ್ದಿ ಮಾಡ್ತಿದ್ದೆ. ಈ ಇಪ್ಪತ್ತು ಮಂದಿ ಮುಖಾನೂ ನಾ ನೋಡಿಲ್ಲ. ಅವರನ್ನ ಹೆಂಗ ನೆನಸಲಿ?"

ಆಮೇಲೆ ಆಕೆಯೇ ಹೇಳಿದಳು: "ನಮ್ಮ ಮನಿಯವರು ಕರಿಯಾಕ ಬಂದಾಗ ನಾನ ಹೇಳ್ತೀನಿ. ಬಸ್ ಸ್ಟ್ಯಾಂಡಿನ್ಯಾಗ ಯಾರದರ ಬಾಯಿಂದ ಕೇಳೂದು ಬ್ಯಾಡ." ಬೀರವ್ವ ಬೇಡ ಬೇಡ ಎಂದು ಮಗಳ ಕಾಲು ಹಿಡಿದರು. ದ್ರಾಕ್ಷಾಯಿಣಿ ಹೇಳು ಎಂದೂ ಅನ್ನಲಿಲ್ಲ, ಹೇಳಬೇಡ ಎಂದೂ ಅನ್ನಲಿಲ್ಲ.

ಹಬ್ಬ ಮುಗಿದು ಐದನೆಯ ದಿನ ಗಂಡ ಬಂದ. ನೀಲಾ ಹೇಳಿದಳು. ಅವನು ತನಗೆ ಕೊಟ್ಟ ನೀರು ಕುಡಿದು, ಮಗಳ ತಲೆ ಸವರಿ, ಎದ್ದು ಹೋದ. ಕರೆಯಲು ಮತ್ತೆ ಬಂದಿಲ್ಲ. ಮಗಳನ್ನು ಈ ಜೂನಿನಲ್ಲಿ ಅಜ್ಜಿಯ ಊರಿನ ಶಾಲೆಗೇ ಹಾಕಿದ್ದಾರೆ.

ಉಳಿದ ಮೂವತ್ತಾರು ಮಂದಿಯ ಮನೆಗಳಲ್ಲಿ ಇಲ್ಲಿಯವರೆಗೆ ಏನೂ ಆಗಿಲ್ಲ, ಸಭೆಯಲ್ಲಿ ನಾನು ಹೆಸರು ಹೇಳಿದ ಇನ್ನೊಬ್ಬಳ ಮನೆಯಲ್ಲೂ ಇಲ್ಲ. ಆ ಇಪ್ಪತ್ತು ಮಂದಿಯಲ್ಲಿ ಯಾರಾದರೂ ನೀಲಾಳ ವಿಷಯ ಮಾತಾಡಿದರೋ ಇಲ್ಲವೋ, ಅದೂ ನಮಗೆ ಗೊತ್ತಿಲ್ಲ. ಬಹುಶಃ ಯಾರೂ ಮಾತಾಡಿರಲಿಕ್ಕಿಲ್ಲ. ಒಂದು ದಿನ ಚಿಗರಿ ಬಸ್ಸಿನಲ್ಲಿ ಕುಳಿತಾಗ ನಾನು ದ್ರಾಕ್ಷಾಯಿಣಿಯನ್ನು ಕೇಳಿಬಿಟ್ಟೆ: "ಆಕಿಗೆ ಹೇಳದ ಇದ್ದಿದ್ರ ಛಲೋ ಇತ್ತೇನವಾ?"

"ಅದು ಆಕಿ ಬಾಳ್ವೆ ಸುದ್ದಿರಿ ಅಕ್ಕಾರ," ಎಂದಳು. "ಮಂದಿ ಕೈಯಾಗ ಹೋಗೇತಿ ಅಂತ ಎಲ್ಲಾರಿಗಿಂತ ಮೊದಲ ಆಕಿಗೆ ಗೊತ್ತಿರಬೇಕಲ್ರಿ." ಬಸ್ಸು ಉಣಕಲ್ ನಿಲ್ದಾಣ ದಾಟಿದ ಮೇಲೆ, "ನನಗೂ ಖರೇ ಗೊತ್ತಿಲ್ರಿ" ಎಂದಳು. ಆಮೇಲೆ ಕಿಟಕಿ ಕಡೆ ಮುಖ ಮಾಡಿ ಕುಳಿತಳು.

ಈಗ ಆಕೆ ತಾನು ಓದಿದ ಕಾಲೇಜಿನಲ್ಲೇ ಪಾಠ ಮಾಡುತ್ತಾಳೆ, ಮೂಲೆಯ ಒಂದು ಕೋಣೆಯಲ್ಲಿ ಸಂಶೋಧನೆ ನಡೆಸುತ್ತಾಳೆ. ಮದುವೆಯಾದ ಹೆಣ್ಣಿನ ಎರಡೂರು ಸೇರಿದರೆ ಅದು ಆಕೆಯ ಹೆಸರೇ ಎಂದು ಲೆಕ್ಕ ಹಾಕಿ ತೋರಿಸಿದ ಪ್ರಬಂಧಕ್ಕೆ ಪ್ರಶಸ್ತಿ ಬಂತು. ತೆಗೆದುಕೊಳ್ಳಲು ಹೋಗಲಿಲ್ಲ. ವಿದ್ಯಾರ್ಥಿಗಳಿಗೆ ತನ್ನ ತಪ್ಪಿನಿಂದಲೇ ಪಾಠ ಶುರು ಮಾಡುತ್ತಾಳಂತೆ. ತಿಂಗಳ ಮೊದಲ ಭಾನುವಾರ ನೀಲಾಳ ಊರಿಗೆ ಹೋಗುತ್ತಾಳೆ. ಇಬ್ಬರೂ ಜೊತೆಗೆ ರೊಟ್ಟಿ ಬಡಿಯುತ್ತಾರೆ, ಆ ಹಾಳಾದ ಸುದ್ದಿ ಎತ್ತುವುದಿಲ್ಲ. ನೀಲಾ ಆಕೆಯ ಸಂಗಡ ಮಾತಾಡುತ್ತಾಳೆ. ನಾನು ಎರಡು ಸಲ ಹೋದೆ, ಎರಡೂ ಸಲ ನೀಲಾ ಹೊಲಕ್ಕೆ ಹೋಗಿದ್ದಾಳೆ ಎಂದು ಬೀರವ್ವ ಹೇಳಿದರು. ಒಳಗೆ ಬಳೆಯ ಸದ್ದು ಕೇಳುತ್ತಿತ್ತು.

ಕಾಲೇಜಿನವರು ನನ್ನ ಬೆನ್ನು ಹತ್ತುವ ಮೊದಲು ದ್ರಾಕ್ಷಾಯಿಣಿಯನ್ನೇ ಬರಹ ಕೇಳಿದ್ದರು, ಆಕೆ ಮೊದಲು ನೀಲಾಳನ್ನು ಕೇಳಿದಳು, ಈ ವಿಷಯ ಬರೆಯಬಹುದೇ ಎಂದು. ಬೇಡವೆಂದರೆ ಬರಹವೇ ಬೇಡ ಎಂದಿದ್ದಳು. ನೀಲಾ ಎರಡು ದಿನ ಯೋಚಿಸಿ ಉತ್ತರ ಕಳಿಸಿದಳು. ದ್ರಾಕ್ಷಾಯಿಣಿ ಅದನ್ನು ನನಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ.

"ನನ್ನ ಊರು ಹಾಕಬಾರದು. ಬರಿಯೂದು ಬ್ಯಾರೆ ಯಾರೂ ಬರಿಯೂದು ಬ್ಯಾಡ, ಆ ಅಕ್ಕಾರ ಬರೀಲಿ. ತಾವು ಬಾಯಿ ತಗದದ್ದನ್ನ ತಮ್ಮ ಕೈಯಿಂದ ಬರೀಲಿ."

ನಾನು ಬರೆದಿದ್ದೇನೆ.